ಬೆರಳಗಲದ ಹಳಿ, ಬಾಳುದ್ದದ ಹಂಬಲ

ಪುಣೆಯ ಕೋಥ್ರೂಡಿನಲ್ಲಿ ಕರ್ವೆ ರಸ್ತೆಯಿಂದ ಒಳಕ್ಕೆ ಹೊರಳಿದರೆ ಜಿ.ಎ. ಕುಲಕರ್ಣಿ ಪಥ ಸಿಗುತ್ತದೆ. ಬೆಳಗಾವಿ ಸೀಮೆಯಲ್ಲಿ ಹುಟ್ಟಿ, ಧಾರವಾಡದಲ್ಲಿ ಇಂಗ್ಲಿಷ್ ಮೇಷ್ಟ್ರಾಗಿ ಬಾಳಿ, ಮರಾಠಿ ಸಣ್ಣಕತೆಗೆ ಹೊಸ ಆಳ ತಂದುಕೊಟ್ಟ ಲೇಖಕರ ಹೆಸರು ಹೊತ್ತ ಬೀದಿ ಅದು. ಆ ಬೀದಿಯ ಒಂದು ಕಟ್ಟಡದೊಳಗೆ, ಒಂದು ಕೋಣೆಯ ತುಂಬ, ಇಡೀ ಒಂದು ಊರಿದೆ. ಆ ಊರಿನಲ್ಲಿ ಮನುಷ್ಯರು ಎರಡು ಸೆಂಟಿಮೀಟರ್ ಎತ್ತರ, ರೈಲಿನ ಹಳಿ ಬೆರಳಗಲ. ಭಾವುಸಾಹೇಬ ಜೋಶಿ ಎಂಬವರು ಜೀವಮಾನವಿಡೀ ಸಾಕಿದ ಆಟಿಕೆ ರೈಲಿನ ಹುಚ್ಚು 1998ರ ಏಪ್ರಿಲ್ 1ರಂದು ಅಲ್ಲಿ ಮ್ಯೂಸಿಯಂ ಆಗಿ ಬಾಗಿಲು ತೆರೆಯಿತು. ಅವರು ಈಗಿಲ್ಲ. ಅವರ ಮನೆಯವರು ಅದನ್ನು ಉಳಿಸಿಕೊಂಡು ಬಂದಿದ್ದಾರೆ.

ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿಯವನಾದ ನನಗೆ ರೈಲು ಮನೆಯ ಮುಂದಿನ ವಸ್ತುವಲ್ಲ. ನಮ್ಮೂರಿಗೆ ಸೂಳೆಕೆರೆ ಹತ್ತಿರ, ಭದ್ರಾ ನಾಲೆ ಹತ್ತಿರ, ಹಳಿ ದೂರ. ರೈಲು ಹತ್ತಬೇಕೆಂದರೆ ದಾವಣಗೆರೆಗೆ ಹೋಗಬೇಕು, ಇಲ್ಲವೇ ಚಿಕ್ಕಜಾಜೂರಿಗೆ. ಹೊಗೆ ಬಿಡುತ್ತಾ ಬರುವ ಮೀಟರ್ ಗೇಜ್ ಗಾಡಿಯನ್ನು ನೋಡಲೆಂದೇ ಬಸ್ಸು ಹತ್ತಿ ಹೋದ ತಲೆಮಾರು ನಮ್ಮದು. ದೂರದಲ್ಲಿ ಇದ್ದದ್ದರಿಂದಲೇ ರೈಲು ನಮ್ಮ ಮನಸ್ಸಿನಲ್ಲಿ ಅಷ್ಟು ದೊಡ್ಡದಾಗಿ ಬೆಳೆಯಿತು. ಹಾಗಾಗಿ ರೈಲನ್ನು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು ಮಾಡಿ, ಆ ಚಿಕ್ಕದರಲ್ಲಿ ಆಯುಷ್ಯ ಕಳೆದವರ ಕೆಲಸವನ್ನು ಬರೀ ಮೆಚ್ಚಿ ಸುಮ್ಮನಾಗಲು ನನ್ನಿಂದ ಆಗುವುದಿಲ್ಲ. ಅದನ್ನು ತೂಗಿ ನೋಡಬೇಕು ಅನ್ನಿಸುತ್ತದೆ.

ಹವ್ಯಾಸದಿಂದ ಹುಟ್ಟಿದ ಮ್ಯೂಸಿಯಂ ಅನ್ನು ಅಳೆಯಲು ಎರಡು ಪ್ರಶ್ನೆ ಸಾಕು ಎಂದು ನಾನು ತಿಳಿದಿದ್ದೇನೆ. ಕಟ್ಟಿದವರ ಕೈಗೆಲಸ ನಿಜವೇ ಎಂಬುದು ಮೊದಲನೆಯದು. ಅದು ಯಾರ ನೆನಪನ್ನು ಕಾಯುತ್ತದೆ ಎಂಬುದು ಎರಡನೆಯದು. ಮೊದಲ ಪ್ರಶ್ನೆಗೆ ಪುಣೆಯ ಈ ಮ್ಯೂಸಿಯಂ ಕೊಡುವ ಉತ್ತರ ತಲೆದೂಗುವಂಥದ್ದು. ಎರಡನೆಯ ಪ್ರಶ್ನೆಯ ಮುಂದೆ ಅದು ಇನ್ನೂ ಅರ್ಧ ದಾರಿಯಲ್ಲಿ ನಿಂತಿದೆ.

ಒಳಗೆ ಹೋದವರಿಗೆ ಮೊದಲು ಕಾಣುವುದು ನಿಶ್ಚಲವಾದ ಊರು. ಗುಡ್ಡ, ಸುರಂಗ, ಮೇಲ್ಸೇತುವೆ, ದೀಪದ ಕಂಬ, ಸರ್ಕಸ್ಸಿನ ಡೇರೆ, ಈಜುಕೊಳ, ಕಾರಿನಲ್ಲೇ ಕೂತು ಸಿನಿಮಾ ನೋಡುವ ಬಯಲು ಚಿತ್ರಮಂದಿರ. ಆಮೇಲೆ ಪ್ರದರ್ಶನ ಶುರುವಾಗುತ್ತದೆ. ವಿವರಣೆಯ ದನಿಯೊಂದಿಗೆ ಒಂದೊಂದೇ ಗಾಡಿ ಎಚ್ಚರಗೊಳ್ಳುತ್ತದೆ. ಹೊಗೆ ಬಿಡುವ ಉಗಿ ಎಂಜಿನ್ ಬರುತ್ತದೆ, ಅದರ ಹಿಂದೆ ನುಣ್ಣನೆಯ ಮೂತಿಯ ವೇಗದ ರೈಲು ಬರುತ್ತದೆ. ಹಗ್ಗದ ಎಳೆತದಲ್ಲಿ ಗುಡ್ಡ ಹತ್ತುವ ಗಾಡಿ ಒಂದು ಕಡೆ, ತಲೆಯ ಮೇಲಿನ ಹಳಿಗೆ ಜೋತುಬಿದ್ದು ಸಾಗುವ ತೂಗು ರೈಲು ಇನ್ನೊಂದು ಕಡೆ. ಈ ತೂಗು ರೈಲು ಕಲ್ಪನೆಯದಲ್ಲ. ಜರ್ಮನಿಯ ವುಪ್ಪರ್ಟಾಲ್ ನಗರದಲ್ಲಿ 1901ರಿಂದ ಇಂಥದ್ದೊಂದು, ಬಹುಪಾಲು ವುಪ್ಪರ್ ನದಿಯ ಮೇಲೆ, 13 ಕಿಲೋಮೀಟರಿಗೂ ಹೆಚ್ಚು ದೂರ ಓಡುತ್ತಿದೆ. ಕೊನೆಗೆ ಕೋಣೆಯ ಬೆಳಕು ಮೆಲ್ಲಗೆ ಇಳಿಯುತ್ತದೆ. ಸಂಜೆಯಾಗುತ್ತದೆ, ರಾತ್ರಿಯಾಗುತ್ತದೆ, ಪುಟ್ಟ ಮನೆಗಳ ಕಿಟಕಿಯಲ್ಲಿ ದೀಪ ಹತ್ತುತ್ತದೆ. ಅದೇ ಕತ್ತಲೆಯಲ್ಲಿ ಬೆಳಕಿನ ಸಾಲೊಂದು ಸೇತುವೆ ದಾಟಿ ಹೋಗುತ್ತದೆ.

ಈ ಸಂಜೆಯೇ ಇಡೀ ಕೃತಿಯ ಹೃದಯ. ರೈಲಿನ ಮಾದರಿಗಳನ್ನು ಗಾಜಿನ ಕಪಾಟಿನಲ್ಲಿ ಸಾಲಾಗಿಟ್ಟು ಚೀಟಿ ಅಂಟಿಸಿದ್ದರೂ ಮ್ಯೂಸಿಯಂ ಎನ್ನಿಸಿಕೊಳ್ಳುತ್ತಿತ್ತು. ಜೋಶಿಯವರು ಹಾಗೆ ಮಾಡಲಿಲ್ಲ. ಗಾಡಿ ಎಂದರೆ ಓಡಬೇಕು, ಓಡಬೇಕೆಂದರೆ ಊರು ಬೇಕು, ಊರೆಂದ ಮೇಲೆ ಹಗಲು ರಾತ್ರಿ ಬೇಕು. ಒಂದರಿಂದೊಂದಕ್ಕೆ ಹೀಗೆ ಹಬ್ಬುತ್ತಾ ಹೋದ ತರ್ಕ ಅವರದು. ಸಂಗ್ರಹಕಾರನಿಗೂ ಕಲಾವಿದನಿಗೂ ಇರುವ ಅಂತರ ಇಲ್ಲಿದೆ. ಸಂಗ್ರಹಕಾರ ವಸ್ತುವನ್ನು ಕೂಡಿಡುತ್ತಾನೆ. ಕಲಾವಿದ ವಸ್ತುವಿಗೆ ಬಾಳುವೆ ಕೊಡುತ್ತಾನೆ.

ಆ ಬಾಳುವೆಯ ಹಿಂದಿನ ದುಡಿಮೆ ಎಷ್ಟೆಂದು ತಿಳಿಯಬೇಕಾದರೆ ಈ ಪುಟ್ಟ ರೈಲಿನ ಶಾಸ್ತ್ರವನ್ನು ಸ್ವಲ್ಪ ಅರಿಯಬೇಕು. ಇಲ್ಲಿನ ಅಳತೆಗೆ ಎಚ್‌ಓ ಎಂದು ಹೆಸರು. ನಿಜದ 87 ಅಡಿ ಇಲ್ಲಿ ಒಂದು ಅಡಿ. ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ನಮ್ಮೂರಿನ ಲೆಕ್ಕದಲ್ಲಿ ಹೇಳುವುದಾದರೆ, ಎರಡು ಗುಡ್ಡಗಳನ್ನು ಬೆಸೆಯುವ ಸೂಳೆಕೆರೆಯ ಏರಿ ಈ ಅಳತೆಯಲ್ಲಿ ಮೂರು ಚಿಲ್ಲರೆ ಮೀಟರಿಗೆ ಇಳಿದು ಒಂದು ಗೋಡೆಯ ಉದ್ದಕ್ಕೆ ಕೂರುತ್ತದೆ. ಆದರೆ ಕೆರೆಯ ಸುತ್ತಳತೆ ಸುಮಾರು 48 ಕಿಲೋಮೀಟರ್ ಎಂದು ಹಿಡಿದರೆ, 87ರಲ್ಲಿ ಒಂದು ಪಾಲಾದ ಮೇಲೂ ಅದು ಅರ್ಧ ಕಿಲೋಮೀಟರ್ ಮೀರುತ್ತದೆ. ಕಟ್ಟಿದ್ದು ಚಿಕ್ಕದು, ತಡೆದು ನಿಲ್ಲಿಸಿದ್ದು ದೊಡ್ಡದು ಎಂಬ ಆ ಏರಿಯ ಗುಟ್ಟು ನನಗೆ ಹೊಳೆದದ್ದು ಈ ಲೆಕ್ಕ ಹಾಕಿದಾಗಲೇ. ಮಾದರಿ ಕಲೆಯ ಗುಣ ಇದು. ದಿನಾ ನೋಡಿದರೂ ಕಣ್ಣಿಗೆ ಸಿಗದೆ ಉಳಿದದ್ದನ್ನು ಅದು ಕುಗ್ಗಿಸಿ ಕಾಣಿಸುತ್ತದೆ.

ಇಂಥ ಗಾಡಿಗಳು ಸಾಮಾನ್ಯವಾಗಿ 12 ವೋಲ್ಟಿನ ನೇರ ವಿದ್ಯುತ್ತಿನಲ್ಲಿ ಓಡುತ್ತವೆ. ಒಂದು ಹಳಿ ಧನ, ಇನ್ನೊಂದು ಋಣ. ಗಾಲಿಯ ಮೂಲಕ ಕರೆಂಟು ಎಂಜಿನ್ನಿನ ಹೊಟ್ಟೆಯ ಮೋಟಾರಿಗೆ ಹರಿಯುತ್ತದೆ. ಧನ ಋಣಗಳನ್ನು ಅದಲುಬದಲು ಮಾಡಿದರೆ ಗಾಡಿ ಹಿಂದಕ್ಕೆ ಹೋಗುತ್ತದೆ. ಹೊರಟ ಹಳಿ ಬಳಸಿ ಎದುರು ದಿಕ್ಕಿಗೆ ತಿರುಗಿ ಬಂದು ತನ್ನನ್ನೇ ಕೂಡಿಕೊಂಡರೆ ಧನ ಋಣಗಳು ತಾಗಿ ಶಾರ್ಟ್ ಆಗುತ್ತದೆ. ಹಾಗಾಗದಂತೆ ಹಳಿಯನ್ನು ತುಂಡು ಮಾಡಿ, ಪ್ರತಿ ತುಂಡಿಗೂ ಬೇರೆ ತಂತಿ ಎಳೆಯಬೇಕು. ಹಲವು ಗಾಡಿಗಳು ಒಂದೇ ಊರಿನಲ್ಲಿ ಡಿಕ್ಕಿಯಾಗದೆ ಓಡಬೇಕಾದರೆ ಒಂದು ತುಂಡಿನಲ್ಲಿ ಒಂದೇ ಗಾಡಿ ಎಂಬ ನಿಯಮ ಪಾಲಿಸಬೇಕು. ನಿಜದ ರೈಲ್ವೆಯಲ್ಲಿ ಸ್ಟೇಷನ್ ಮಾಸ್ತರರು ಪಕ್ಕದ ಸ್ಟೇಷನ್ನಿನಿಂದ ಲೈನ್ ಕ್ಲಿಯರ್ ಪಡೆದೇ ಗಾಡಿ ಬಿಡುವುದು ಇದೇ ನಿಯಮದಿಂದ. ಆಟಿಕೆಯ ಹಳಿಯ ಮೇಲೆ ಈ ಶಿಸ್ತನ್ನು ತಂದವರು ಆಟವಾಡುತ್ತಿಲ್ಲ, ರೈಲ್ವೆ ನಡೆಸುತ್ತಿದ್ದಾರೆ.

ಇದರ ಮೇಲೆ ಧೂಳಿನ ಕಾಟ. ಹಳಿಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಧೂಳು ಕೂತರೂ ಕರೆಂಟು ತಪ್ಪುತ್ತದೆ, ಗಾಡಿ ಮುಗ್ಗರಿಸಿ ನಿಲ್ಲುತ್ತದೆ. ಹಳಿಯನ್ನೂ ಗಾಲಿಯನ್ನೂ ಮತ್ತೆ ಮತ್ತೆ ಒರೆಸಬೇಕು. ಮಳೆಗಾಲದ ತೇವಕ್ಕೂ ಬೇಸಿಗೆಯ ಕಾವಿಗೂ ಹಲಗೆ ಹಿಗ್ಗಿ ಕುಗ್ಗಿ ಹಳಿಯ ಸಂದು ಸರಿಯುತ್ತದೆ. ತಣ್ಣನೆಯ ದೇಶಗಳ ಮುಚ್ಚಿದ ಕೋಣೆಗಳಿಗೆಂದು ಮಾಡಿದ ಸೂಕ್ಷ್ಮ ಯಂತ್ರಗಳನ್ನು ನಮ್ಮ ಹವೆಯಲ್ಲಿ, ದಿನವೂ ಬರುವ ಜನರ ಮುಂದೆ, ವರ್ಷಗಟ್ಟಲೆ ಓಡಿಸುವುದೆಂದರೆ ಪೂಜೆಗೆ ಕೂತಷ್ಟೇ ನಿಷ್ಠೆ ಬೇಕು. ಮ್ಯೂಸಿಯಂ ಆಗುವ ಮೊದಲು ಜೋಶಿಯವರು ಬಿಡಿಸಿ ಸಾಗಿಸಿ ಮತ್ತೆ ಜೋಡಿಸಬಹುದಾದ ಪುಟ್ಟ ಊರೊಂದನ್ನು ಕಟ್ಟಿ ಜನರ ಮುಂದಿಟ್ಟಿದ್ದರು. ಪ್ರತಿ ಸಾಗಾಟದಲ್ಲೂ ಹಳಿ ಬಾಗುತ್ತದೆ, ತಂತಿ ಕಳಚುತ್ತದೆ. ಒಂದು ಕಡೆ ನೆಲೆ ನಿಲ್ಲಬೇಕು ಎಂಬ ಹಂಬಲ ಅಂಥ ಅನುಭವದಿಂದಲೇ ಗಟ್ಟಿಯಾಗುವಂಥದ್ದು. ಅಲೆಮಾರಿ ಊರು ಸ್ಥಾವರವಾದ ಮೇಲೆ ಅದಕ್ಕೆ ಬೀದಿ ಬಂತು, ಬೆಟ್ಟ ಬಂತು, ಕತ್ತಲೆ ಬೆಳಕು ಬಂತು.

ಈ ಗೆಲುವಿನ ಬೆಲೆ ಗೊತ್ತಾಗುವುದು ಸರ್ಕಾರಿ ರೈಲು ಮ್ಯೂಸಿಯಂಗಳ ಪಕ್ಕದಲ್ಲಿ ಇಟ್ಟು ನೋಡಿದಾಗ. ಮೈಸೂರಿನ ರೈಲು ಮ್ಯೂಸಿಯಂ 1979ರಲ್ಲಿ ಶುರುವಾದದ್ದು. ದೇಶದಲ್ಲಿ ದೆಹಲಿಯದ್ದರ ನಂತರ ಬಂದದ್ದು ಅದೇ. ಮಹಾರಾಣಿಯವರಿಗೆಂದು 1899ರಲ್ಲಿ ಮಾಡಿದ ಸಲೂನ್ ಬೋಗಿ, ಅದರ ಅಡುಗೆಮನೆ, ಊಟದ ಕೋಣೆ ಅಲ್ಲಿವೆ. ಹುಬ್ಬಳ್ಳಿಯ ಮ್ಯೂಸಿಯಂ 2020ರಲ್ಲಿ ತೆರೆಯಿತು. ಎರಡರಲ್ಲೂ ಇರುವುದು ಅಸಲು ವಸ್ತು. ಅಸಲಿಗೆ ಇರುವ ಘನತೆ ಮಾದರಿಗೆ ಬರುವುದಿಲ್ಲ. ಆದರೆ ಅಸಲು ಎಂಜಿನ್ ನಿಂತಿದೆ. ಬೆಂಕಿಯಿಲ್ಲದ ಬಾಯ್ಲರ್, ಬಣ್ಣ ಬಳಿದ ಗಾಲಿ. ಮಗು ಅದರ ಮೇಲೆ ಹತ್ತಿ ಫೋಟೋ ತೆಗೆಸಿಕೊಳ್ಳುತ್ತದೆ. ಆ ಗಾಲಿಗೆ ಉಗಿ ಹೇಗೆ ತಾಗುತ್ತಿತ್ತು, ಆ ಗಾಡಿಗೆ ಯಾರು ದಾರಿ ಬಿಡುತ್ತಿದ್ದರು, ಅದು ಬಂದಾಗ ಊರು ಹೇಗೆ ಏಳುತ್ತಿತ್ತು ಎಂಬುದು ಮಗುವಿಗೆ ತಲುಪುವುದಿಲ್ಲ. ಪುಣೆಯಲ್ಲಿ ಅಸಲು ಇಲ್ಲ, ಓಟ ಇದೆ. ರೈಲು ಎಂದರೆ ಎಂಜಿನ್ ಅಲ್ಲ, ಎಂಜಿನ್ನು, ಹಳಿ, ಕೈಮರ, ಸೇತುವೆ, ಊರು, ಹೊತ್ತು ಎಲ್ಲ ಕೂಡಿದ ಒಂದು ಸಂಬಂಧ ಎಂಬ ತಿಳಿವಳಿಕೆಯನ್ನು ಪುಣೆಯ ಕೋಣೆ ಕೊಟ್ಟಷ್ಟು ಸ್ಪಷ್ಟವಾಗಿ ನಮ್ಮ ದೊಡ್ಡ ಅಂಗಳಗಳು ಕೊಡುವುದಿಲ್ಲ.

ಇನ್ನು ಮಾದರಿ ಹೇಳುವ ಸುಳ್ಳುಗಳ ಮಾತು. ಕಲೆ ಎಂದ ಮೇಲೆ ಸುಳ್ಳು ಇರುತ್ತದೆ. ಅದು ಯಾವ ಬಗೆಯದು ಎಂಬುದನ್ನು ವಿಮರ್ಶೆ ನೋಡಬೇಕು. ನಮ್ಮ ಒಂದು ಬೋಗಿ ಸುಮಾರು 22 ಮೀಟರ್. 87ರಿಂದ ಭಾಗಿಸಿದರೆ 25 ಸೆಂಟಿಮೀಟರ್. ಇಪ್ಪತ್ತು ಬೋಗಿಯ ಎಕ್ಸ್‌ಪ್ರೆಸ್ ಐದು ಮೀಟರ್ ದಾಟುತ್ತದೆ. ಸಾಮಾನ್ಯ ಕೋಣೆಯಲ್ಲಿ ಅದು ತಿರುಗಲಾರದು. ಆದ್ದರಿಂದ ನಾಲ್ಕೈದು ಬೋಗಿಯ ಗಾಡಿಯನ್ನೇ ಎಕ್ಸ್‌ಪ್ರೆಸ್ ಎಂದು ನಂಬಿಸಬೇಕು. ಆಟಿಕೆ ಹಳಿಯ ತಿರುವಿನ ತ್ರಿಜ್ಯ ಹೆಚ್ಚಿನ ಕಡೆ 40 ಸೆಂಟಿಮೀಟರ್ ಆಸುಪಾಸು. ನಿಜಕ್ಕೆ ಹಿಗ್ಗಿಸಿದರೆ ಅದು 35 ಮೀಟರ್. ಅಷ್ಟು ಬಿಗಿಯಾದ ತಿರುವಿನಲ್ಲಿ ದೊಡ್ಡ ಲೈನಿನ ಯಾವ ರೈಲೂ ಹೊರಳಲಾರದು. ಗಂಟೆಗೆ 100 ಕಿಲೋಮೀಟರ್ ಓಡುವ ಗಾಡಿ ಈ ಅಳತೆಯಲ್ಲಿ ಸೆಕೆಂಡಿಗೆ 32 ಸೆಂಟಿಮೀಟರ್ ಮಾತ್ರ ಸರಿಯಬೇಕು. ಜನರನ್ನು ರಂಜಿಸಲು ಅದಕ್ಕಿಂತ ಜೋರಾಗಿ ಓಡಿಸುವ ಆಸೆ ಎಲ್ಲ ಮಾದರಿಕಾರರಿಗೂ ಇರುತ್ತದೆ. ಇವೆಲ್ಲ ಒಪ್ಪಬಹುದಾದ ಸುಳ್ಳುಗಳು. ಯಕ್ಷಗಾನದ ರಂಗಸ್ಥಳದಲ್ಲಿ ಎರಡು ಸುತ್ತು ಹಾಕಿದರೆ ವೇಷ ಕಾಡು ದಾಟಿದ ಹಾಗೆ. ನೋಡುವವನಿಗೆ ಅದರ ಒಪ್ಪಂದ ಗೊತ್ತಿರುತ್ತದೆ.

ಒಪ್ಪಲು ಕಷ್ಟವಾಗುವುದು ಬೇರೆಯೇ ಒಂದು ಕೊರತೆ. ಕತ್ತಲಾಗಿ ಕಿಟಕಿಗಳಲ್ಲಿ ದೀಪ ಹತ್ತಿದಾಗ ನನ್ನ ಕಣ್ಣು ತಂತಾನೇ ಒಂದು ಟೀ ಅಂಗಡಿಯನ್ನು ಹುಡುಕಿತು. ಸ್ಟೇಷನ್ನಿನ ಮುಂದೆ ಜಟಕಾ ಹುಡುಕಿತು. ಅಡಿಕೆ ಮೂಟೆ, ಹತ್ತಿಯ ಅಂಡಿಗೆ, ಪ್ಲಾಟ್‌ಫಾರಮ್ಮಿನ ಕೊನೆಯಲ್ಲಿ ಹಳದಿ ಹಲಗೆಯ ಮೇಲೆ ಊರಿನ ಹೆಸರು ಮತ್ತು ಸಮುದ್ರ ಮಟ್ಟದಿಂದ ಎತ್ತರ ಬರೆದದ್ದು, ಇವನ್ನೆಲ್ಲ ಹುಡುಕಿತು. ಸಿಗಲಿಲ್ಲ. ಅಲ್ಲಿ ದೀಪ ಹತ್ತಿದ ಊರು ಚೆಂದದ್ದೇ, ಆದರೆ ಅದು ಯಾರ ಊರೂ ಅಲ್ಲ. ಮನೆಗಳ ಚಾವಣಿ, ಗಾಡಿಗಳ ಬಣ್ಣ, ಸಿನಿಮಾ ಬಯಲು, ಎಲ್ಲ ಬಹುಪಾಲು ಯುರೋಪು ಅಮೆರಿಕಗಳ ಚಿತ್ರದಿಂದ ಇಳಿದು ಬಂದವು. ಪುಣೆಯ ಹುಡುಗ ಅಲ್ಲಿ ಪುಣೆಯನ್ನು ಕಾಣುವುದಿಲ್ಲ. ದಾವಣಗೆರೆಯ ಹುಡುಗ ದಾವಣಗೆರೆಯನ್ನು ಕಾಣುವುದು ದೂರದ ಮಾತು.

ಇದು ಕಟ್ಟಿದವರ ಅಸಡ್ಡೆಯಿಂದ ಆದದ್ದಲ್ಲ. ಕಾರಣ ಹಳಿಯೊಳಗೇ ಇದೆ. ಆಟಿಕೆ ರೈಲಿಗೆ ಗೊತ್ತಾದ ಅಳತೆಗಳನ್ನು ಮೊದಲು ಮಾರುಕಟ್ಟೆಗೆ ತಂದದ್ದು ಜರ್ಮನಿಯ ಮಾರ್ಕ್ಲಿನ್ ಕಂಪನಿ, 1891ರಲ್ಲಿ. ಅಲ್ಲಿಂದ ಬೆಳೆದ ಉದ್ಯಮ ತನ್ನ ನಾಡಿನ ರೈಲುಗಳನ್ನೇ ಮಾಡಿತು. 16.5 ಮಿಲಿಮೀಟರ್ ಎನ್ನುವುದು ಅವರ 1435 ಮಿಲಿಮೀಟರ್ ಹಳಿಯ 87ನೇ ಒಂದು ಪಾಲು. ನಮ್ಮ ಬ್ರಾಡ್ ಗೇಜ್ 1676 ಮಿಲಿಮೀಟರ್. ಅದರ ಪಾಲು 19ಕ್ಕೂ ಮೇಲೆ ಹೋಗುತ್ತದೆ. ಮೀಟರ್ ಗೇಜಿನ ಪಾಲು ಹನ್ನೊಂದೂವರೆಗೆ ಇಳಿಯುತ್ತದೆ. ಅಂಗಡಿಯಲ್ಲಿ ಸಿಗುವ ಎಚ್‌ಓ ಹಳಿಯ ಮೇಲೆ ನಮ್ಮ ಯಾವ ದೊಡ್ಡ ರೈಲೂ ಸರಿಯಾದ ಅಳತೆಯಲ್ಲಿ ಕೂರುವುದಿಲ್ಲ. ಒಂದೋ ಗಾಲಿ ಕುಗ್ಗಿಸಬೇಕು, ಇಲ್ಲವೇ ಹಳಿ, ಗಾಲಿ, ಮೈ ಎಲ್ಲವನ್ನೂ ಕೈಯಿಂದಲೇ ಮಾಡಬೇಕು. ಕೊಂಡು ತಂದು ಜೋಡಿಸುವ ಹವ್ಯಾಸಿ ಹೀಗೆ ತನಗರಿವಿಲ್ಲದೆಯೇ ಜರ್ಮನಿಯ ಬೆಟ್ಟದ ಊರಿಗೆ ಹೋಗಿ ಇಳಿಯುತ್ತಾನೆ. ಈ ಕಾರಣವನ್ನು ಅರಿತ ಮೇಲೂ ಕೊರತೆ ಕೊರತೆಯೇ.

ಬೇರೆ ನಾಡುಗಳ ಹವ್ಯಾಸಿಗಳೂ ಇದೇ ತಿರುವಿನಲ್ಲಿ ನಿಂತಿದ್ದರು. ಹ್ಯಾಂಬರ್ಗಿನಲ್ಲಿ ಫ್ರೆಡರಿಕ್ ಮತ್ತು ಗೆರಿಟ್ ಬ್ರೌನ್ ಎಂಬ ಅವಳಿ ಸಹೋದರರು 2001ರ ಆಗಸ್ಟಿನಲ್ಲಿ ತೆರೆದ ಮಿನಿಯಾಟೂರ್ ವಂಡರ್‌ಲ್ಯಾಂಡ್ ಇಂದು ಜಗತ್ತಿನ ಅತಿ ದೊಡ್ಡ ಮಾದರಿ ರೈಲ್ವೆ. ಅಲ್ಲಿಯೂ ಮೊದಲು ಬಂದದ್ದು ಕ್ನುಫಿಂಗನ್ ಎಂಬ ಕಲ್ಪನೆಯ ಊರು. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. ಬೇಗನೇ ತಮ್ಮ ಹ್ಯಾಂಬರ್ಗನ್ನೇ ಕಟ್ಟಿದರು. ಜಪಾನಿನ ನೊಬುತಾರೊ ಹರಾ ಹುಡುಗನಾಗಿದ್ದಾಗಲೇ ರೈಲಿನ ಮಾದರಿ ಮಾಡಲು ಕೂತವರು. ವೃತ್ತಿಯಿಂದ ಎಂಜಿನಿಯರ್. ಎಂಬತ್ತು ವರ್ಷ ಕೂಡಿಸಿದ ಸಂಗ್ರಹ 2012ರಲ್ಲಿ ಯೊಕೊಹಾಮದಲ್ಲಿ ಅವರ ಹೆಸರಿನ ಮ್ಯೂಸಿಯಂ ಆಯಿತು. ಆಗ ಅವರು ತೊಂಬತ್ತು ದಾಟಿದ್ದರು. ಅಲ್ಲಿನ ದೊಡ್ಡ ಹಳಿಯ ಮೇಲೆ ಯುರೋಪಿನ ರೈಲುಗಳದ್ದೇ ಮೆರವಣಿಗೆ. ಆದರೂ ಅದೇ ಮ್ಯೂಸಿಯಂನಲ್ಲಿ ಯೊಕೊಹಾಮದ ಹಳೆಯದೂ ಹೊಸದೂ ಸೇರಿದ ನಗರದ ಮಾದರಿಯೊಂದಿದೆ. ಪರದೇಶದ ರೈಲನ್ನು ಪ್ರೀತಿಸಿದ ಮನುಷ್ಯನ ಮನೆಯಲ್ಲೂ ಸ್ವಂತ ಊರಿಗೆ ಒಂದು ಜಗಲಿ ಸಿಕ್ಕಿತು. ಪುಣೆಯಲ್ಲಿ ಆ ಜಗಲಿ ಇನ್ನೂ ಖಾಲಿ.

ನಮ್ಮ ನಾಡಿನಲ್ಲೇ ಒಂದು ಹೋಲಿಕೆ ಇದೆ, ಅದು ಇನ್ನೂ ಹೆಚ್ಚು ಕಲಿಸುತ್ತದೆ. ಮಣಿಪಾಲದ ವಿಜಯನಾಥ ಶೆಣೈ ಬ್ಯಾಂಕಿನ ನೌಕರರಾಗಿದ್ದವರು. ಹಳೆಯ ಮನೆಗಳನ್ನು ಜನ ಕೆಡವಿ ಕಂಬ ತೊಲೆಗಳನ್ನು ಮಾರುತ್ತಿದ್ದ ಕಾಲದಲ್ಲಿ ಅವರ ಹುಚ್ಚು ಶುರುವಾಯಿತು. ಒಂದೊಂದೇ ಕಂಬ, ಒಂದೊಂದೇ ಬಾಗಿಲು ಕೂಡಿಸುತ್ತಾ ಕೊನೆಗೆ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಮಿಯಾರಿನ ಮನೆ, ಮುಧೋಳದ ಅರಮನೆಯ ದರ್ಬಾರು ಇಂದು ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿವೆ. ಶೆಣೈಯವರು 2017ರಲ್ಲಿ ತೀರಿಕೊಂಡರು. ಜೋಶಿಯವರಿಗೂ ಶೆಣೈಯವರಿಗೂ ಹಂಬಲ ಒಂದೇ ಬಗೆಯದು, ಸಂಬಳದ ಹಂಗಿಲ್ಲದ್ದು, ಆಯುಷ್ಯವನ್ನೇ ಕೇಳುವಂಥದ್ದು. ಆದರೆ ಶೆಣೈಯವರು ಪ್ರೀತಿಸಿದ್ದು ಕಣ್ಣೆದುರು ಅಳಿಯುತ್ತಿದ್ದದ್ದನ್ನು. ಅವರು ಎತ್ತಿಕೊಳ್ಳದಿದ್ದರೆ ಆ ಮನೆಗಳು ಸೌದೆಯಾಗುತ್ತಿದ್ದವು. ಜೋಶಿಯವರ ಊರಿನಲ್ಲಿರುವ ಜರ್ಮನಿಯ ರೈಲನ್ನು ಜರ್ಮನಿಯಲ್ಲಿ ನೂರು ಮಂದಿ ಕಾಯುತ್ತಾರೆ. ನಮ್ಮ ಮೀಟರ್ ಗೇಜ್ ರೈಲನ್ನು ಕಾಯುವವರು ನಾವಲ್ಲದೆ ಬೇರೆ ಯಾರೂ ಇಲ್ಲ.

ಆ ರೈಲು ಅಳಿದದ್ದು ನಮ್ಮ ಕಣ್ಣೆದುರೇ. ದೇಶದ ಹಳಿಗಳನ್ನೆಲ್ಲ ಒಂದೇ ಅಗಲಕ್ಕೆ ತರುವ ಯೋಜನೆ 1992ರಲ್ಲಿ ಶುರುವಾಯಿತು. ಬೆಂಗಳೂರು, ಅರಸೀಕೆರೆ, ಬೀರೂರು, ಚಿಕ್ಕಜಾಜೂರು, ದಾವಣಗೆರೆ, ಹರಿಹರ, ಹುಬ್ಬಳ್ಳಿಯ ದಾರಿ ಆ ದಶಕದಲ್ಲೇ ಅಗಲವಾಯಿತು. ಅದು ಆಗಬೇಕಾದದ್ದೇ. ಒಂದು ಕಾಲದಲ್ಲಿ ಪುಣೆಗೆ ಹೋಗುವವರು ಮೀರಜಿನಲ್ಲಿ ಗಂಟುಮೂಟೆ ಇಳಿಸಿ ಗಾಡಿ ಬದಲಿಸುತ್ತಿದ್ದರು, ಗೂಡ್ಸಿನ ಸರಕನ್ನು ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ ಹೊರಬೇಕಿತ್ತು. ಆ ಕಷ್ಟ ತಪ್ಪಿದ್ದು ಒಳ್ಳೆಯದು. ಆದರೆ ಹಳಿ ಕಿತ್ತಾಗ ಹಳಿಯ ಸುತ್ತ ಬೆಳೆದಿದ್ದ ಒಂದು ಕೆಲಸದ ಲೋಕವೂ ಕಿತ್ತುಹೋಯಿತು. ವೈಪಿ, ವೈಜಿ ಎಂಬ ಉಗಿ ಎಂಜಿನ್‌ಗಳು, ಆಮೇಲೆ ಬಂದ ವೈಡಿಎಂ ಡೀಸೆಲ್‌ಗಳು ಹೋದವು. ಒಂಟಿ ಹಳಿಯ ದಾರಿಯಲ್ಲಿ ಚರ್ಮದ ಚೀಲದೊಳಗೆ ಉಕ್ಕಿನ ಟೋಕನ್ ಚೆಂಡು ಇಟ್ಟು, ಆ ಚೀಲ ಕಟ್ಟಿದ ದೊಡ್ಡ ಬಳೆಯನ್ನು ಓಡುವ ಗಾಡಿಯ ಡ್ರೈವರಿಗೆ ಎತ್ತಿ ಹಿಡಿಯುತ್ತಿದ್ದ ಪಾಯಿಂಟ್ಸ್‌ಮನ್ ಹೋದ. ತಂತಿ ಎಳೆದು ಕೈಮರ ಇಳಿಸುವ ಸನ್ನೆಗೋಲು ಹೋಯಿತು. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಬಸ್ಸಿನ ಮೈಯ ರೈಲು ಬಸ್ಸು ಕಾಡಿನ ನಡುವೆ ತೂಗಾಡುತ್ತಾ ಹೋಗುತ್ತಿತ್ತು. ಅದನ್ನು ಹತ್ತಿದವರು ಇನ್ನೂ ಬದುಕಿದ್ದಾರೆ, ಅದು ಇಲ್ಲ.

ಮಾದರಿ ಕಟ್ಟುವವರಿಗೆ ಇದಕ್ಕಿಂತ ಶ್ರೀಮಂತ ವಸ್ತು ಬೇರೆ ಯಾವುದಿದೆ? ತರೀಕೆರೆಯನ್ನೇ ತೆಗೆದುಕೊಳ್ಳಿ. ಬೀರೂರಿನಿಂದ ಶಿವಮೊಗ್ಗಕ್ಕೆ ಹೋಗುವ ಮೀಟರ್ ಗೇಜ್ ದಾರಿ ಅಲ್ಲಿತ್ತು. ಅಲ್ಲಿಂದಲೇ ನರಸಿಂಹರಾಜಪುರದ ಕಡೆಗೆ ಎರಡು ಅಡಿ ಅಗಲದ ಟ್ರಾಮ್ ಹಳಿ ಕಾಡಿನೊಳಕ್ಕೆ ಹೊರಡುತ್ತಿತ್ತು. ಹತ್ತಿರದಲ್ಲೇ ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಕೆಮ್ಮಣ್ಣುಗುಂಡಿಯ ಬೆಟ್ಟದಿಂದ ಅದಿರನ್ನು ಇಳಿಸುತ್ತಿದ್ದ ಹಗ್ಗದ ದಾರಿ. ಪುಣೆಯ ಊರಿನಲ್ಲಿ ನಾವು ಬೆರಗಾಗಿ ನೋಡುವ ಬೆಟ್ಟ ಹತ್ತುವ ಗಾಡಿಗೂ ತೂಗು ರೈಲಿಗೂ ಸಾಟಿಯಾಗಬಲ್ಲ ನೋಟಗಳು ನಮ್ಮ ಮಲೆನಾಡಿನ ಅಂಚಿನಲ್ಲೇ ಇದ್ದವು. 87ರ ಅಳತೆಯಲ್ಲಿ ಮೀಟರ್ ಗೇಜ್ ಹನ್ನೊಂದೂವರೆ ಮಿಲಿಮೀಟರ್, ಎರಡು ಅಡಿಯ ಹಳಿ ಏಳು ಮಿಲಿಮೀಟರ್. ಕಷ್ಟದ ಕೆಲಸ, ಆದರೆ ಆಗದ ಕೆಲಸವಲ್ಲ. ಪುಣೆಯ ಕೋಣೆ ಇದನ್ನೇ ಸಾಬೀತು ಮಾಡಿದೆ: ಒಬ್ಬ ಮನುಷ್ಯ, ಒಂದು ಮನೆತನ, ಒಂದು ಕೋಣೆ ಇದ್ದರೆ ಒಂದು ಊರನ್ನು ಎಬ್ಬಿಸಬಹುದು.

ಇನ್ನೊಂದು ಮಾತು ಹೇಳಬೇಕು. ಪ್ರದರ್ಶನದ ಹೊತ್ತಿನಲ್ಲಿ ನೋಡುಗರಿಗೆ ಸಿಗುವುದು ಮೇಲಿನ ಊರು. ಹಲಗೆಯ ಅಡಿಯ ತಂತಿ, ತುಂಡು ಮಾಡಿದ ಹಳಿಯ ಸಂದು, ಮುರಿದು ಮತ್ತೆ ಬೆಸೆದ ಗಾಲಿ, ತಪ್ಪಿ ಹೋದ ಪ್ರಯೋಗ ಇವು ಮರೆಯಲ್ಲಿರುತ್ತವೆ. ಬೆರಗು ಉಳಿಸಲು ಅದು ಬೇಕು, ಒಪ್ಪುತ್ತೇನೆ. ಆದರೆ ಹವ್ಯಾಸದ ಮ್ಯೂಸಿಯಂ ಎಂದರೆ ಹವ್ಯಾಸದ ಚರಿತ್ರೆಯೂ ಹೌದು. ಸಿದ್ಧವಾದ ಊರನ್ನು ಕಂಡ ಮಗು ಚಪ್ಪಾಳೆ ತಟ್ಟುತ್ತದೆ. ಊರು ಸಿದ್ಧವಾಗುವುದನ್ನು ಕಂಡ ಮಗು ಮನೆಗೆ ಹೋಗಿ ರಟ್ಟು ಕತ್ತರಿಸುತ್ತದೆ. ಒಂದು ಮೂಲೆಯಲ್ಲಿ ಹಲಗೆಯನ್ನು ಮಗುಚಿ ಇಟ್ಟು, ಕರೆಂಟು ಹರಿಯುವ ದಾರಿಯನ್ನು ಮಕ್ಕಳ ಕೈಗೇ ಕೊಡುವಂತಾದರೆ ಜೋಶಿಯವರ ಜೀವಮಾನದ ಕಲಿಕೆ ಮುಂದಿನ ತಲೆಮಾರಿಗೆ ದಾಟುತ್ತದೆ. ಹವ್ಯಾಸಿ ಹೋದ ಮೇಲೆ ಹವ್ಯಾಸ ಉಳಿಯುವುದು ವಸ್ತುವಿನಿಂದಲ್ಲ, ಶಿಷ್ಯರಿಂದ.

ವಸ್ತು ಉಳಿದದ್ದೂ ಸಣ್ಣ ಮಾತಲ್ಲ ಎಂಬುದನ್ನು ಇಲ್ಲೇ ಹೇಳಬೇಕು. ಹವ್ಯಾಸಿಯ ಸಂಗ್ರಹಕ್ಕೆ ಅತಿ ದೊಡ್ಡ ಅಪಾಯ ಅವನ ಸಾವು. ಅಂಚೆಚೀಟಿ, ನಾಣ್ಯ, ಗ್ರಾಮಫೋನ್ ತಟ್ಟೆ, ಹಳೆಯ ಕ್ಯಾಮೆರಾ, ಹೀಗೆ ಎಷ್ಟು ಮನೆಗಳಲ್ಲಿ ತಂದೆ ಕೂಡಿಟ್ಟದ್ದು ಮಕ್ಕಳ ಕಾಲಕ್ಕೆ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗಿಲ್ಲ! ಜೋಶಿಯವರ ಮನೆಯಲ್ಲಿ ಹಾಗಾಗಲಿಲ್ಲ. ಕಟ್ಟಿದವರ ಕಾಲಾನಂತರವೂ ದಿನವೂ ಹಳಿ ಒರೆಸುವ ಕೈ ಇದೆ, ಸಂಜೆಯ ದೀಪ ಹತ್ತಿಸುವ ಕೈ ಇದೆ. ಮಗ ಅಪ್ಪನ ಹುಚ್ಚನ್ನು ಹೊರೆ ಎಂದುಕೊಳ್ಳದೆ ಆಸ್ತಿ ಎಂದು ತಿಳಿದ ಮನೆ ಅದು. ಈ ಮ್ಯೂಸಿಯಂನ ದೊಡ್ಡ ಸಾಧನೆ ಯಾವುದೆಂದು ಕೇಳಿದರೆ ತೂಗು ರೈಲನ್ನೂ ಬಿಟ್ಟು ನಾನು ಇದನ್ನೇ ಮೊದಲು ಹೇಳುತ್ತೇನೆ.

ಹಾಗಾದರೆ ಒಟ್ಟು ತೀರ್ಮಾನವೇನು? ಕೈಗೆಲಸವಾಗಿ, ನಿಷ್ಠೆಯಾಗಿ, ಓಡುವ ರೈಲಿಗೆ ಕಟ್ಟಿದ ಗುಡಿಯಾಗಿ ಪುಣೆಯ ಜೋಶಿ ಮ್ಯೂಸಿಯಂ ನಮ್ಮ ದೇಶದಲ್ಲಿ ಹವ್ಯಾಸಿಯೊಬ್ಬ ಮಾಡಿದ ಉತ್ತಮ ಕೆಲಸಗಳ ಸಾಲಿಗೆ ಸೇರಬೇಕಾದದ್ದು. ನೆನಪಿನ ಮನೆಯಾಗಿ ಅದು ಅಪೂರ್ಣ. ಆ ಅಪೂರ್ಣತೆಯನ್ನು ತುಂಬುವ ಹೊಣೆ ಒಂದು ಕುಟುಂಬದ ಮೇಲಿಲ್ಲ, ನಮ್ಮ ಮೇಲಿದೆ. ಪುಣೆಗೆ ಹೋದವರು ಕೋಥ್ರೂಡಿಗೆ ಹೋಗಿ, ಆ ಸಂಜೆಯನ್ನು ಕಣ್ತುಂಬ ನೋಡಿ ಬನ್ನಿ. ಮಕ್ಕಳನ್ನು ಕರೆದುಕೊಂಡು ಹೋಗಿ.

ಬಂದ ಮೇಲೆ ಒಂದು ಕೆಲಸ ಮಾಡಿ. ನಿಮ್ಮ ಊರಿನಲ್ಲಿ, ದಾವಣಗೆರೆಯಲ್ಲೋ ಹರಿಹರದಲ್ಲೋ ತರೀಕೆರೆಯಲ್ಲೋ, ಮೀಟರ್ ಗೇಜ್ ಕಾಲದಲ್ಲಿ ದುಡಿದ ಡ್ರೈವರ್, ಗಾರ್ಡ್, ಗ್ಯಾಂಗ್‌ಮನ್, ಪಾಯಿಂಟ್ಸ್‌ಮನ್ ಯಾರಾದರೂ ಇದ್ದಾರೆಯೇ ಕೇಳಿ ತಿಳಿಯಿರಿ. ಇದ್ದರೆ ಅವರ ಮುಂದೆ ಕೂತು ಹಳೆಯ ಸ್ಟೇಷನ್ನಿನ ನಕ್ಷೆಯನ್ನು ಅವರ ಕೈಯಿಂದಲೇ ಬರೆಸಿಕೊಳ್ಳಿ. ನೀರಿನ ಟ್ಯಾಂಕು ಎಲ್ಲಿತ್ತು, ಕೈಮರ ಎಲ್ಲಿತ್ತು, ಗೂಡ್ಸ್ ಶೆಡ್ಡಿಗೆ ಹಳಿ ಎಲ್ಲಿಂದ ಕವಲೊಡೆಯುತ್ತಿತ್ತು ಎಂದು ಕೇಳಿ ಬರೆದಿಡಿ. ಅವರಿಗೆಲ್ಲ ವಯಸ್ಸಾಗಿದೆ. ಹಳಿ, ಮೋಟಾರು, ತಂತಿ ನಾಳೆಯೂ ಅಂಗಡಿಯಲ್ಲಿ ಸಿಗುತ್ತವೆ. ಆ ನಕ್ಷೆ ಅವರ ತಲೆಯಲ್ಲಿ ಮಾತ್ರ ಇದೆ.